ಎರಡು ರೇಸಿನ ನಡುವಿನ ಗ್ಯಾರೇಜು: ಐದನೇ ತಿಂಗಳು

ಈ ತಿಂಗಳು ನನ್ನ ಪುಟ್ಟ ಗ್ಯಾರೇಜಿನ ಗೊಂಬೆಗಳಲ್ಲಿ ಇನ್ನೂ ಇಬ್ಬರು ಮುಗಿದರು. ಏಳು ಜನರಲ್ಲಿ ಐವರು ಈಗ ಕಲ್ಲಿನ ಮೇಲೆ ನಿಂತಿದ್ದಾರೆ.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿಂದಿನ ಕಥೆ. ನಾನು ಮಾಡುತ್ತಿರುವುದು ಒಂದು ಟೂರಿಂಗ್ ಕಾರ್ ತಂಡದ ಗ್ಯಾರೇಜಿನ ಮಾದರಿ, 1:24 ಅಳತೆಯಲ್ಲಿ, ಅಂದರೆ ನಿಜದ 24ರಲ್ಲಿ ಒಂದು ಪಾಲು. ರಸ್ತೆಯಲ್ಲಿ ನಾವು ದಿನಾ ನೋಡುವ ಕಾರಿನ ರೂಪವನ್ನೇ ಇಟ್ಟುಕೊಂಡು, ಒಳಗೆಲ್ಲ ಬದಲಿಸಿ ಓಡಿಸುವ ರೇಸು ಇದು. ಬ್ರಿಟನ್ನಿನ ಬಿಟಿಸಿಸಿ (ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್) ಇದರಲ್ಲಿ ದೊಡ್ಡ ಹೆಸರು. 1958ರಲ್ಲಿ ಶುರುವಾದದ್ದು. 2019ರಲ್ಲಿ ಅದಕ್ಕೆ 10 ವಾರಾಂತ್ಯ, 30 ರೇಸು. ಅಂದರೆ ಒಂದೊಂದು ವಾರಾಂತ್ಯಕ್ಕೆ ಮೂರು ರೇಸು, ಅದೂ ಭಾನುವಾರ ಒಂದೇ ದಿನ. ಈ ಕಾರುಗಳು ಒಂದನ್ನೊಂದು ಒರಸಿಕೊಂಡೇ ಓಡುತ್ತವೆ. ಮೊದಲ ರೇಸಿನಲ್ಲಿ ಬಂಪರ್ ಹರಿದುಕೊಂಡು ಬಂದ ಕಾರು ಅದೇ ದಿನ ಎರಡನೇ ರೇಸಿಗೆ ಸಾಲಿನಲ್ಲಿ ನಿಲ್ಲಬೇಕು. ಆ ನಡುವಿನ ಹೊತ್ತನ್ನೇ ನಾನು ಮಾಡಲು ಹೊರಟಿದ್ದೇನೆ.

ಕಾರು ಎರಡು ತಿಂಗಳ ಹಿಂದೆಯೇ ಮುಗಿದಿದೆ. ಬಿಎಂಡಬ್ಲ್ಯು 3 ಸೀರೀಸಿನ ಡೈಕಾಸ್ಟ್ (ಎರಕದ ಲೋಹದ) ಆಟಿಕೆ, ಸುಮಾರು 19 ಸೆಂಟಿಮೀಟರ್ ಉದ್ದ. ಒಳಗಿನ ಸೀಟು ತೆಗೆದು ರೋಲ್ ಕೇಜ್, ಅಂದರೆ ಕಾರು ಮಗುಚಿದರೂ ಚಾಲಕನನ್ನು ಕಾಯುವ ಕೊಳವೆಗಳ ಚೌಕಟ್ಟು, ಹಾಕಿದ್ದೇನೆ. ಅದರ ಬಗ್ಗೆ ಇನ್ನು ಹೇಳುವಂಥದ್ದು ಜಾಸ್ತಿ ಇಲ್ಲ. ನನಗೆ ಬೇಕಾಗಿರುವುದು ಅದರ ಸುತ್ತ ಇರುವ ಮಂದಿ.

ಈ ಹುಚ್ಚು ಹತ್ತಿದ್ದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ. ಕಲಬುರಗಿಯಿಂದ ಮುಂಬೈ-ಚೆನ್ನೈ ಮಾರ್ಗದ ರೈಲು ಹತ್ತಿದರೆ ನೇರ ಹೋಗಬಹುದು. 1990ರಲ್ಲಿ ತೆರೆದ ಟ್ರ್ಯಾಕ್ ಅದು, ಒಂದು ಸುತ್ತಿಗೆ 3.7 ಕಿಲೋಮೀಟರ್. ಇಂಡಿಯನ್ ಟೂರಿಂಗ್ ಕಾರ್ಸ್ ರೇಸ್ ನೋಡಲು ಹೋದವನು ಅರ್ಧ ದಿನ ಪ್ಯಾಡಕ್ಕಿನಲ್ಲೇ, ತಂಡಗಳು ಕಾರು ಸಿದ್ಧ ಮಾಡುವ ಜಾಗದಲ್ಲೇ, ನಿಂತುಬಿಟ್ಟೆ. ಒಬ್ಬ ಹುಡುಗ ಬಿಸಿಲಿನಲ್ಲಿ ನೆಲದ ಮೇಲೆ ಅಂಗಾತ ಮಲಗಿ, ಇನ್ನೂ ಬಿಸಿ ಇದ್ದ ಸೈಲೆನ್ಸರಿನ ಪಕ್ಕ ಕೈ ಹಾಕಿ ಬೋಲ್ಟ್ ಬಿಗಿಯುತ್ತಿದ್ದ. ಅವನು ರೇಸ್ ನೋಡಲೇ ಇಲ್ಲ. ಕಾರು ಟ್ರ್ಯಾಕಿಗೆ ಹೋದ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಅದರ ಸದ್ದು ಕೇಳುತ್ತಿದ್ದ. ಆ ಹುಡುಗನನ್ನು ಮರೆಯಲು ಆಗಲಿಲ್ಲ. ಗೋಡೆಗೆ ಒರಗಿದ ಒಬ್ಬನನ್ನು ಮೊದಲ ತಿಂಗಳೇ ಮಾಡಿದೆ. ಏಳು ಜನರಲ್ಲಿ ಅವನೇ ಮೊದಲನೆಯವನು.

ಮೊದಲ ವಾರ: ಬಿಸಿಲು ಮತ್ತು ಎಂ-ಸೀಲ್

ಒಬ್ಬ ಮನುಷ್ಯ ಈ ಅಳತೆಯಲ್ಲಿ 7 ಸೆಂಟಿಮೀಟರ್ ಎತ್ತರ ಬರುತ್ತಾನೆ. ಮೂಳೆಯ ಬದಲು ತಾಮ್ರದ ತಂತಿ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಹಳೆಯ ತಂತಿ ಬೇಕಾದಷ್ಟು ಸಿಗುತ್ತದೆ. ಮೈಗೆ ಎಂ-ಸೀಲ್. ಚಳಿಗಾಲದಲ್ಲಿ ಕಲಸಿದ ಎಂ-ಸೀಲ್ ತಿದ್ದಲು ಸಾಕಷ್ಟು ಹೊತ್ತು ಕೊಡುತ್ತಿತ್ತು. ಈಗ ಮೇ ತಿಂಗಳು, ಹೊರಗೆ 42 ಡಿಗ್ರಿ. ಮಧ್ಯಾಹ್ನ ಕಲಸಿದರೆ ಬೆರಳಲ್ಲೇ ಗಟ್ಟಿಯಾಗುತ್ತದೆ. ಎರಡು ತಲೆ ಹಾಳಾದವು. ಈಗ ಬೆಳಗ್ಗೆ ಐದಕ್ಕೆ ಎದ್ದು, ಕಡಲೆಕಾಳಿನಷ್ಟೇ ಕಲಸಿ, ಬೆರಳನ್ನು ಮಡಕೆ ನೀರಿನಲ್ಲಿ ಅದ್ದುತ್ತಾ ಮಾಡುತ್ತೇನೆ. ಬಿಸಿಲೂರಿನಲ್ಲಿ ಈ ಕೆಲಸ ಮಾಡುವವರು ಮುಂಜಾನೆಯೇ ಮಾಡಿ.

ಮುಖ ಕೆತ್ತುವಾಗ ಗೊಂಬೆ ಕೈಯಲ್ಲಿ ಅಲುಗಾಡುವುದು ದೊಡ್ಡ ತೊಂದರೆಯಾಗಿತ್ತು. ಅದಕ್ಕೆ ದಾರಿ ಸಿಕ್ಕಿದ್ದು ಬೀದರಿನಲ್ಲಿ. ಹುಮನಾಬಾದ್ ಮೇಲೆ ಹೋಗುವ ರೈಲಿನಲ್ಲಿ ಒಂದು ಭಾನುವಾರ ಹೋಗಿ, ಬಿದರಿ ಕೆಲಸ ಮಾಡುವ ಒಬ್ಬ ಹಿರಿಯರ ಪಕ್ಕ ಕೂತೆ. ಅವರು ಹೂಜಿಯನ್ನು ಕೈಯಲ್ಲಿ ಹಿಡಿಯುವುದಿಲ್ಲ. ಮೇಣ ಹಾಕಿ ಕಲ್ಲಿಗೆ ಅಂಟಿಸಿಬಿಡುತ್ತಾರೆ. ಆಮೇಲೆ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ. ನಾನೂ ಈಗ ಗೊಂಬೆಯ ಕಾಲನ್ನು ಮೇಣದಲ್ಲಿ ನಿಲ್ಲಿಸುತ್ತೇನೆ. ಕಣ್ಣಿನ ಗೆರೆ ಮೊದಲ ಸಲ ನೇರವಾಗಿ ಬಂತು.

ಎರಡನೇ ವಾರ: ಭಾರ ಹೊತ್ತವನು

ನನ್ನ ಗ್ಯಾರೇಜು 2019ರ ಕಾಲದ್ದು. ಆಗ ಬಿಟಿಸಿಸಿಯಲ್ಲಿ ಒಂದು ರೇಸಿನಲ್ಲಿ ಮುಂದೆ ಬಂದ ಕಾರಿಗೆ ಮುಂದಿನ ರೇಸಿನಲ್ಲಿ ತೂಕ ಹೇರುತ್ತಿದ್ದರು. ಗೆದ್ದವನೇ ಗೆಲ್ಲುತ್ತಾ ಹೋಗಬಾರದು ಎಂದು. 2022ರಲ್ಲಿ ಹೈಬ್ರಿಡ್ ಬಂದ ಮೇಲೆ ಈ ಪದ್ಧತಿ ಹೋಯಿತು. ಚಾಲಕ ಮೇಲೆ ನಿಂತು ಟ್ರೋಫಿ ಎತ್ತುವ ಹೊತ್ತಿಗೆ, ಕೆಳಗೆ ಒಬ್ಬ ಮೆಕ್ಯಾನಿಕ್ ಆ ಗೆಲುವಿನ ತೂಕ ಎತ್ತಿ ಕಾರಿನೊಳಗೆ ಬೋಲ್ಟ್ ಹಾಕಬೇಕು. ನನ್ನ ಉಳಿದ ಆರು ಜನ ಇಲ್ಲದಿದ್ದರೂ ನಡೆದೀತು, ಆದರೆ ಇವನು ಇರಲೇಬೇಕು ಅಂತ ಮೊದಲಿನಿಂದಲೂ ಅನ್ನಿಸಿತ್ತು.

ಮಾಡಿದೆ. ಕಾಕಾ ಬಂದು ನೋಡಿದರು. ನಮ್ಮ ಕಾಕಾ ಮೂವತ್ತು ವರ್ಷದಿಂದ ಡೆಂಟಿಂಗ್ ಕೆಲಸ ಮಾಡುವವರು. "ಇವನ ಕೈಯಾಗ ಏನದ? ಹಪ್ಪಳದ ಡಬ್ಬಿ ಏನು?" ಅಂದರು. ಹೌದು, ಗೊಂಬೆ ನೆಟ್ಟಗೆ ನಿಂತಿತ್ತು. ಮರುದಿನ ಅವರ ಶೆಡ್ಡಿಗೆ ಹೋಗಿ, ಹುಡುಗರು ಲಾರಿ ಬ್ಯಾಟರಿ ಎತ್ತುವುದನ್ನು ನೋಡಿದೆ. ಭಾರ ಬಲಗೈಯಲ್ಲಿದ್ದರೆ ಮೈ ಎಡಕ್ಕೆ ವಾಲುತ್ತದೆ. ಎಡಗೈ ದೂರ ಚಾಚುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ. ಕುತ್ತಿಗೆಯ ನರ ಒಂದು ಕಡೆ ಉಬ್ಬುತ್ತದೆ. ತಂತಿಯನ್ನು ಸೊಂಟದಲ್ಲಿ ಕತ್ತರಿಸಿ ಮತ್ತೆ ಬೆಸುಗೆ ಹಾಕಿದೆ. ಕಾಕಾ ಎರಡನೇ ಸಲ ನೋಡಿ ಸುಮ್ಮನೆ ತಲೆ ಆಡಿಸಿದರು. ಅಷ್ಟು ಸಾಕಿತ್ತು.

ಟೈರ್ ನೋಡುವವಳು ಕೂಡ ಈ ವಾರವೇ ಮುಗಿದಳು. ಕಾರು ಬಂದು ನಿಂತ ತಕ್ಷಣ, ರಬ್ಬರ್ ತಣ್ಣಗಾಗುವ ಮೊದಲು, ಸೂಜಿಯಂಥ ಥರ್ಮಾಮೀಟರನ್ನು ಟೈರಿಗೆ ಚುಚ್ಚಿ ಮೂರು ಕಡೆ ಬಿಸಿ ನೋಡುತ್ತಾರೆ: ಒಳ ಅಂಚು, ನಡು, ಹೊರ ಅಂಚು. ನಡುವೆ ಜಾಸ್ತಿ ಬಿಸಿ ಇದ್ದರೆ ಗಾಳಿ ಜಾಸ್ತಿ ಆಗಿದೆ. ಎರಡೂ ಅಂಚು ಬಿಸಿ ಇದ್ದು ನಡು ತಣ್ಣಗಿದ್ದರೆ ಗಾಳಿ ಕಡಿಮೆ. ಒಳ ಅಂಚು ಮಾತ್ರ ಬಹಳ ಬಿಸಿ ಇದ್ದರೆ ಗಾಲಿಯ ತಲೆ ಒಳಗೆ ಜಾಸ್ತಿ ವಾಲಿದೆ. ಮೂರು ಅಂಕಿಯಲ್ಲಿ ಇಡೀ ರೇಸಿನ ಕಥೆ ಇರುತ್ತದೆ. ಅವಳ ಕೈಯಲ್ಲಿರುವ ಸೂಜಿ ನಿಜವಾದ ಹೊಲಿಗೆ ಸೂಜಿಯ ತುದಿ. ಮಂಡಿ ಊರಿ ಕೂತಿದ್ದಾಳೆ, ಮುಖ ಟೈರಿಗೆ ಅಷ್ಟು ಹತ್ತಿರ.

ಗ್ಯಾರೇಜಿನಲ್ಲಿ ಹೆಣ್ಣುಮಕ್ಕಳು ಇರುತ್ತಾರಾ ಅಂತ ಕೆಲವರು ಕೇಳಿದ್ದರು. ಖಂಡಿತ ಇರುತ್ತಾರೆ. ಟೂರಿಂಗ್ ಕಾರಿನದಲ್ಲದಿದ್ದರೂ ಒಂದು ಹೆಸರು ಹೇಳಲೇಬೇಕು: ಲೀನಾ ಗಡೆ. ಭಾರತ ಮೂಲದ ಕುಟುಂಬದವರು, ಬ್ರಿಟನ್ನಿನಲ್ಲಿ ಬೆಳೆದವರು. 2011ರಲ್ಲಿ ಲೆ ಮಾನ್ಸ್ 24 ಗಂಟೆಯ ರೇಸ್ ಗೆದ್ದ ಆಡಿ ಕಾರಿನ ರೇಸ್ ಇಂಜಿನಿಯರ್ ಅವರೇ. ಆ ಕುರ್ಚಿಯಲ್ಲಿ ಕೂತು ಅಲ್ಲಿ ಗೆದ್ದ ಮೊದಲ ಮಹಿಳೆ. 2012 ಮತ್ತು 2014ರಲ್ಲಿ ಮತ್ತೆ ಗೆದ್ದರು. ನನ್ನ ಇಂಜಿನಿಯರ್ ಗೊಂಬೆ ಇನ್ನೂ ಬಾಕಿ ಇದೆ. ಅದೂ ಹೆಣ್ಣೇ.

ಮೂರನೇ ವಾರ: ತಂಡದ ಯಜಮಾನ

ಇದು ಕಷ್ಟದ ವಾರ. ಯಜಮಾನನನ್ನು ಎಲ್ಲಿ ನಿಲ್ಲಿಸಬೇಕು ಎಂಬುದೇ ತಿಳಿಯಲಿಲ್ಲ. ಕೈಕಟ್ಟಿ ಬಾಗಿಲಲ್ಲಿ ನಿಲ್ಲಿಸಿದರೆ ಮೇಸ್ತ್ರಿ ಥರ ಕಾಣುತ್ತಾನೆ. ಟೂರಿಂಗ್ ಕಾರ್ ತಂಡಗಳ ಯಜಮಾನರು ಬಹಳ ಮಂದಿ ಹಾಗಿಲ್ಲ.

ಆಂಡಿ ರೌಸ್ ಅವರನ್ನು ನೋಡಿ. ಬ್ರಾಡ್‌ಸ್ಪೀಡ್ ಎಂಬ ತಂಡದಲ್ಲಿ ಇಂಜಿನಿಯರ್ ಆಗಿ ಸೇರಿದವರು. ತಾವೇ ಕಾರು ಕಟ್ಟಿ, ತಾವೇ ಓಡಿಸಿ, 1975, 1983, 1984, 1985ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1993ರಿಂದ ಅವರ ತಂಡ ಫೋರ್ಡ್ ಮಾಂಡಿಯೊ ಓಡಿಸಿತು. 1996ರಲ್ಲಿ ಆ ಕೆಲಸ ವೆಸ್ಟ್ ಸರ್ರೆ ರೇಸಿಂಗ್‌ಗೆ ಹೋಯಿತು. ಅದರ ಯಜಮಾನ ಡಿಕ್ ಬೆನೆಟ್ಸ್, ನ್ಯೂಜಿಲೆಂಡಿನವರು. 1981ರಲ್ಲಿ ಶುರುವಾದ ತಂಡ ಅದು. 1983ರಲ್ಲಿ ಬ್ರಿಟಿಷ್ ಫಾರ್ಮುಲಾ 3 ಗೆದ್ದ ಐರ್ಟನ್ ಸೆನ್ನಾ ಓಡಿಸಿದ್ದು ಇವರ ಕಾರು. 1990ರಲ್ಲಿ ಮಿಕಾ ಹ್ಯಾಕಿನೆನ್, 1991ರಲ್ಲಿ ರೂಬೆನ್ಸ್ ಬ್ಯಾರಿಕೆಲ್ಲೊ, ಅವರೂ ಇದೇ ತಂಡದಿಂದ ಗೆದ್ದವರು. ಆ ಹುಡುಗರೆಲ್ಲ ಫಾರ್ಮುಲಾ 1ಕ್ಕೆ ಹೋದರು. ಬೆನೆಟ್ಸ್ ಟೂರಿಂಗ್ ಕಾರಿಗೆ ಬಂದು ಅಲ್ಲೇ ಉಳಿದರು. ಕಾಲಿನ್ ಟರ್ಕಿಂಗ್ಟನ್ 2009, 2014, 2018, 2019ರಲ್ಲಿ ಗೆದ್ದ ನಾಲ್ಕೂ ಪಟ್ಟ ಈ ತಂಡದ ಬಿಎಂಡಬ್ಲ್ಯು ಕಾರಿನಲ್ಲೇ. ಇಷ್ಟು ವರ್ಷ ಒಂದೇ ಕೆಲಸದಲ್ಲಿ ಇದ್ದವರನ್ನು ಕಂಡರೆ ನನಗೆ ಬಹಳ ಗೌರವ.

ಟೀಮ್ ಡೈನಾಮಿಕ್ಸ್ ಇನ್ನೊಂದು ಬಗೆ. ಅಪ್ಪ ಸ್ಟೀವ್ ನೀಲ್ ತಂಡ ಕಟ್ಟಿದವರಲ್ಲಿ ಒಬ್ಬರು. ಮಗ ಮ್ಯಾಟ್ ನೀಲ್ ಅದೇ ತಂಡದಲ್ಲಿ ಓಡಿಸಿ 2005, 2006, 2011ರಲ್ಲಿ ಚಾಂಪಿಯನ್. ಕಾಕಾನ ಶೆಡ್ಡಿನಲ್ಲೂ ಈಗ ಮಗನೇ ಪೇಂಟ್ ಹೊಡೆಯುತ್ತಾನೆ. ಹಾಗಾಗಿ ಈ ಕಥೆ ಹೇಳಿದಾಗ ಅವರಿಗೆ ತಕ್ಷಣ ತಿಳಿಯಿತು.

ಈ ಎರಡೂ ತಂಡ ಎದುರಾದದ್ದು 2019ರ ಕೊನೆಯ ದಿನ, ಬ್ರಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ. ವರ್ಷದ ಕೊನೆಯ ರೇಸು ಕೊನೆಗೊಳ್ಳುವ ಹೊತ್ತಿಗೆ ಟೀಮ್ ಡೈನಾಮಿಕ್ಸಿನ ಡ್ಯಾನ್ ಕ್ಯಾಮಿಶ್ ಕೈಯಲ್ಲಿ ಪಟ್ಟ ಇತ್ತು. ಅಷ್ಟರಲ್ಲಿ ಬ್ರೇಕ್ ಹೋಯಿತು. ಟರ್ಕಿಂಗ್ಟನ್ 2 ಅಂಕದಿಂದ ಗೆದ್ದರು. 30 ರೇಸು, 2 ಅಂಕ. ನನಗೆ ಆ ಸಂಜೆಯ ಎರಡೂ ಗ್ಯಾರೇಜು ಕಣ್ಣಿಗೆ ಕಟ್ಟುತ್ತವೆ. ಒಂದರಲ್ಲಿ ಕುಣಿತ. ಇನ್ನೊಂದರಲ್ಲಿ ಆ ಕಾರನ್ನು ಬೆಳಗ್ಗೆಯಿಂದ ಕೈಯಾರೆ ಸಿದ್ಧ ಮಾಡಿದವರು ಅದನ್ನೇ ಲಾರಿಗೆ ಏರಿಸಬೇಕು. ಲಾರಿ ಓಡಿಸುವವನೂ ತಂಡದವನೇ. ರೇಸಿನ ದಿನ ಅವನು ಬೇರೆ ಕೆಲಸಕ್ಕೂ ಕೈ ಹಾಕುತ್ತಾನೆ, ರಾತ್ರಿ ಎಲ್ಲರ ಸಾಮಾನು ಹೊತ್ತು ಊರಿಗೆ ಹೊರಡುತ್ತಾನೆ.

ಕೊನೆಗೆ ಯಜಮಾನನನ್ನು ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂರಿಸಲು ತೀರ್ಮಾನಿಸಿದೆ. ಕೈಯಲ್ಲಿ ಟೇಪು. ಹರಿದ ಬಂಪರನ್ನು ಮೆಕ್ಯಾನಿಕ್ ಎತ್ತಿ ಹಿಡಿದಿರುತ್ತಾನೆ, ಇವರು ಟೇಪ್ ಎಳೆಯುತ್ತಿರುತ್ತಾರೆ. ತಂತಿ ಮಾತ್ರ ಬಾಗಿಸಿದ್ದೇನೆ. ಮೈ ಮುಂದಿನ ತಿಂಗಳು.

ನಾಲ್ಕನೇ ವಾರ: ಕಲ್ಲು ಮತ್ತು ದಾರ

ನೆಲಕ್ಕೆ ಶಹಾಬಾದ್ ಕಲ್ಲು ಬಿಟ್ಟು ಬೇರೆ ಯೋಚನೆ ಬರಲೇ ಇಲ್ಲ. 45 ಸೆಂಟಿಮೀಟರ್ ಉದ್ದ, 30 ಅಗಲ, ಒಂದು ಇಂಚು ದಪ್ಪ. ತೂಕ ಸುಮಾರು 9 ಕಿಲೋ. ವಾಟರ್ ಪೇಪರ್ ಹಾಕಿ ಮೂರು ಸಂಜೆ ತಿಕ್ಕಿದೆ. ಆ ಬೂದು ಬಣ್ಣ ಗ್ಯಾರೇಜಿನ ನೆಲಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬಣ್ಣ ಹಚ್ಚುವ ಅಗತ್ಯವೇ ಬರಲಿಲ್ಲ.

ಡಿಕ್ಕಿ ಹೊಡೆಸಿಕೊಂಡು ಬಂದ ಕಾರಿನಲ್ಲಿ ಮೊದಲು ಏನು ನೋಡುತ್ತೀರಿ ಅಂತ ಕಾಕಾನನ್ನು ಕೇಳಿದ್ದೆ. "ಮೊದಲ ಗಾಲಿ ನೋಡು. ಬಾಡಿ ಆಮ್ಯಾಲ. ಬಾಡಿ ಸೊಟ್ಟ ಇದ್ರೂ ಗಾಡಿ ಹೋಗ್ತದ, ಗಾಲಿ ಸೊಟ್ಟ ಇದ್ರ ಹೋಗಂಗಿಲ್ಲ" ಅಂದರು. ರೇಸ್ ತಂಡಗಳೂ ಹಾಗೇ ಮಾಡುತ್ತವೆ. ಕಾರಿನ ಎರಡೂ ಬದಿಗೆ, ಗಾಲಿಯ ನಡುಮಟ್ಟದಲ್ಲಿ, ಉದ್ದಕ್ಕೆ ದಾರ ಎಳೆದು ಕಟ್ಟುತ್ತಾರೆ. ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು ಅಂತ ಅಳೆಯುತ್ತಾರೆ. ಎರಡರ ನಡುವಿನ ವ್ಯತ್ಯಾಸವೇ ಗಾಲಿ ಎಷ್ಟು ತಿರುಗಿದೆ ಎಂಬ ಲೆಕ್ಕ. ಎಷ್ಟೇ ಕಂಪ್ಯೂಟರ್ ಇದ್ದರೂ ಟ್ರ್ಯಾಕಿನಲ್ಲಿ ದಾರವನ್ನು ಇನ್ನೂ ನಂಬುತ್ತಾರೆ. ಕಾಕಾ ಕೂಡ ಮೂವತ್ತು ವರ್ಷದಿಂದ ದಾರವನ್ನೇ ಹಿಡಿದಿದ್ದಾರೆ. ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. ಗ್ಯಾರೇಜಿನಲ್ಲಿ ದಾರ ಇರಲೇಬೇಕು.

ಹೊಲಿಗೆ ದಾರ ಆಗಲಿಲ್ಲ. ಅದರ ದಪ್ಪವನ್ನು 24ರಿಂದ ಗುಣಿಸಿದರೆ ಅರ್ಧ ಸೆಂಟಿಮೀಟರಿನ ಹಗ್ಗ ಆಗುತ್ತದೆ. ಅವ್ವ ತನ್ನ ಹಳೆಯ ಸೀರೆಯ ಸೆರಗಿನಿಂದ ಒಂದು ರೇಷ್ಮೆ ದಾರ ಕಿತ್ತು, ಅದರೊಳಗಿನ ಎಳೆಗಳನ್ನು ಬಿಡಿಸಿ ಕೊಟ್ಟಳು. ಗಾಳಿ ಬೀಸಿದರೆ ಹಾರುತ್ತದೆ, ಅಷ್ಟು ಸಣ್ಣದು. ಫ್ಯಾನ್ ಆರಿಸಿ, ಬೆವರು ಒರಸಿಕೊಳ್ಳುತ್ತಾ, ಗುಂಡುಪಿನ್ನಿಗೆ ಕಟ್ಟಿದೆ. ಎರಡು ಬದಿಗೆ ನಾಲ್ಕು ಸಂಜೆ ಹಿಡಿಯಿತು.

ನಿನ್ನೆ ರಾತ್ರಿ ಕಾಕಾ ಊಟಕ್ಕೆ ಬಂದಿದ್ದರು. ಕನ್ನಡಕ ಹಾಕಿಕೊಂಡು ಕಲ್ಲಿನ ಮಟ್ಟಕ್ಕೆ ಕಣ್ಣು ತಂದು, ದಾರದ ಗುಂಟ ಬಹಳ ಹೊತ್ತು ನೋಡಿದರು.

"ಎಡಗಡಿ ಹಿಂದಿಂದು ಒಳಗ ಬಂದದ ನೋಡಪಾ."

ಅಳೆದು ನೋಡಿದೆ. ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಅರ್ಧ ಮಿಲಿಮೀಟರ್ ವ್ಯತ್ಯಾಸ. ರೋಲ್ ಕೇಜ್ ಹಾಕುವಾಗ ಅಚ್ಚು ಬಾಗಿರಬೇಕು. ನಾಳೆ ಬೆಳಗ್ಗೆ ಆ ಗಾಲಿ ಬಿಚ್ಚುತ್ತೇನೆ.