ಇಸ್ಲಾಂನಲ್ಲಿ ಪರಿಸರದ ಬಗ್ಗೆ ಏನಾದ್ರೂ ಇದ್ಯಾ?

ಈ ಪ್ರಶ್ನೆ ಯಾರಾದ್ರೂ ಕೇಳ್ತಾನೇ ಇರ್ತಾರೆ. ಇದೆ, ಬೇಕಾದಷ್ಟಿದೆ. ಜೂನ್ 5 ಬಂತು ಅಂದ್ರೆ ವಾಟ್ಸಾಪ್‌ನಲ್ಲಿ ಓಡಾಡೋ ಹದೀಸ್ (ಪ್ರವಾದಿ ಮುಹಮ್ಮದರ ಮಾತು-ನಡೆಯ ವರದಿ) ನೀವೂ ನೋಡಿರ್ತೀರಿ, ಪ್ರಳಯ ಬಂದೇಬಿಟ್ಟಿದೆ, ನಿನ್ನ ಕೈಲಿ ಒಂದು ಸಸಿ ಇದೆ ಅಂದ್ರೆ, ಸಾಧ್ಯವಾದ್ರೆ ನೆಟ್ಟುಬಿಡು ಅಂತ. ಅದರ ನೆರಳಿಗೆ ಕೂರೋಕೆ ಯಾರೂ ಉಳಿದಿರಲ್ಲ, ಆದ್ರೂ ನೆಡು!

ಆದ್ರೆ ನಾನು ಉತ್ತರ ಶುರು ಮಾಡೋದು ಸಸಿಯಿಂದಲ್ಲ, ನಲ್ಲಿಯಿಂದ. ಪ್ರವಾದಿಯವರು ವುಜೂ (ನಮಾಜಿಗೆ ಮುಂಚೆ ಮುಖ, ಕೈಕಾಲು ತೊಳೆಯೋದು) ಮಾಡ್ತಿದ್ದಿದ್ದು ಒಂದು ಮುದ್ದ್ ನೀರಲ್ಲಿ, ಅಂದ್ರೆ ಎರಡು ಕೈ ಸೇರಿಸಿ ಬೊಗಸೆ ಹಿಡಿದಷ್ಟು, ಸುಮಾರು ಮುಕ್ಕಾಲು ಲೀಟರ್ (ಹನಫಿ ಪಂಥದವರ ಲೆಕ್ಕದಲ್ಲಿ ಒಂದು ಲೀಟರ್ ಆಸುಪಾಸು), ಸ್ನಾನಕ್ಕೆ ನಾಲ್ಕೈದು ಮುದ್ದ್ ಅಷ್ಟೇ. ಇದು ಬುಖಾರಿ, ಮುಸ್ಲಿಂ ಅನ್ನೋ ಎರಡು ಹದೀಸ್ ಸಂಗ್ರಹಗಳಲ್ಲೂ ಇದೆ. ಹರಿಯೋ ನದಿ ದಂಡೇಲಿ ಕೂತಿದ್ರೂ ನೀರು ಪೋಲು ಮಾಡ್ಬೇಡಿ ಅನ್ನೋ ಇನ್ನೊಂದು ಹದೀಸ್ ಎಲ್ಲರ ಬಾಯಲ್ಲೂ ಇದೆ, ಅದರ ಸನದ್ (ಯಾರಿಂದ ಯಾರಿಗೆ ಬಂತು ಅನ್ನೋ ಸರಪಣಿ) ದುರ್ಬಲ ಅಂತ ಹೇಳೋ ವಿದ್ವಾಂಸರಿದ್ದಾರೆ, ಇರ್ಲಿ ಬಿಡಿ, ಆ ಬೊಗಸೆ ಲೆಕ್ಕವೊಂದೇ ಸಾಕಲ್ವಾ. ತಿನ್ನಿ ಕುಡೀರಿ, ದುಂದು ಮಾಡ್ಬೇಡಿ ಅಂತ ಕುರ್‌ಆನ್ (7:31) ಹೇಳೋದನ್ನ ಅಳತೆ ಮಾಡಿ ತೋರಿಸಿದ ಹಾಗಿದೆ.

ಜಾಗದ ವಿಷಯದಲ್ಲೂ ಕಾನೂನು ಥರದ್ದೇ ಇತ್ತು. ಹಿಮಾ ಅಂತ ಹೆಸರು, ಅಂದ್ರೆ ಕಾಯ್ದಿಟ್ಟ ಜಾಗ. ಮೊದಲು ಅರಬ್ ಬುಡಕಟ್ಟಿನ ಬಲಾಢ್ಯರು ಒಳ್ಳೆ ಹುಲ್ಲುಗಾವಲು ನಂದು ಅಂತ ಬೇಲಿ ಹಾಕ್ಕೊಂಡು ಬೇರೆಯವರ ದನ ಓಡಿಸ್ತಿದ್ರು, ಪ್ರವಾದಿಯವರು ಅದನ್ನ ನಿಲ್ಲಿಸಿ, ಹಿಮಾ ಏನಿದ್ರೂ ಅಲ್ಲಾಹನಿಗೆ ಮತ್ತು ಅವನ ರಸೂಲರಿಗೆ (ಪ್ರವಾದಿಗೆ) ಮಾತ್ರ ಅಂದ್ರು, ಅಂದ್ರೆ ಯಾರ ಸ್ವಂತಕ್ಕೂ ಅಲ್ಲ, ಎಲ್ಲರ ಒಳಿತಿಗೆ. ಮದೀನಾ ಸುತ್ತಲಿನ ಪವಿತ್ರ ವಲಯವಾದ ಹರಮ್‌ನಲ್ಲಿ ಮರ ಕಡಿಯೋದಕ್ಕೂ ಬೇಟೆಗೂ ನಿಷೇಧ. ಹಜ್‌ಗೆ ಇಹ್ರಾಮ್ (ಯಾತ್ರೆಯ ವ್ರತಸ್ಥಿತಿ) ಕಟ್ಟಿದವರು ಕಾಡುಪ್ರಾಣಿ ಕೊಂದ್ರೆ ಪರಿಹಾರ ಕೊಡ್ಬೇಕು. ಬೆಕ್ಕನ್ನ ಕೂಡಿಹಾಕಿ ಉಪವಾಸ ಸಾಯಿಸಿದ ಹೆಂಗಸಿಗೆ ನರಕ ಆದ ಕತೆಯಂತೂ ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಇಷ್ಟು ಹೇಳಿದ ಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತೆ, ಮತ್ತೆ ಯಾಕೆ ಯಾರೂ ಪಾಲಿಸಲ್ಲ? ಅದಕ್ಕೆ ನನ್ನ ಹತ್ರ ದೊಡ್ಡ ಉತ್ತರ ಏನಿಲ್ಲ. ಒಂದಿನ ಕುತೂಹಲಕ್ಕೆ ನಲ್ಲಿ ಕೆಳಗೆ ಬಕೆಟ್ ಇಟ್ಟು ಎಂದಿನ ಹಾಗೇ ವುಜೂ ಮಾಡ್ದೆ, ಕಾಲು ತೊಳೆಯೋ ಹೊತ್ತಿಗೆ ಅರ್ಧ ಬಕೆಟ್ ತುಂಬಿತ್ತು. ಈಗ ಚೊಂಬು ಇಟ್ಕೊಂಡಿದೀನಿ. ಒಂದು ಚೊಂಬಿಗೆ ಇನ್ನೂ ಮುಗಿಯಲ್ಲ, ಎರಡನೇದು ತುಂಬಿಸ್ಕೊಳ್ತೀನಿ.