ಗುಂಡಿ ಒತ್ತುವುದನ್ನು ಮರೆತ ಆಟ

ಕಾಲೇಜು ಬಿಟ್ಟು ಇಷ್ಟು ವರ್ಷವಾದರೂ ಯಾರಾದರೂ ಸಿಸಿಲಿಯನ್ ಡ್ರ್ಯಾಗನ್ (ಚೆಸ್‌ನಲ್ಲಿ ಕಪ್ಪು ಕಾಯಿಯವರು ಆಟ ಶುರುಮಾಡುವ ಒಂದು ವರಸೆ) ಅಂದರೆ ಸಾಕು, ನನ್ನ ಕೈ ತಾನಾಗೇ ಚೆಸ್ ಗಡಿಯಾರದ ಗುಂಡಿ ಹುಡುಕುತ್ತದೆ. ನಡೆ ಆಡಿದ ಮೇಲೆ ಅದನ್ನು ಒತ್ತಿದರೆ ನಮ್ಮ ಸಮಯ ನಿಂತು ಎದುರಾಳಿಯದ್ದು ಓಡುತ್ತದೆ.

ಆಗ ನನಗೆ ಡ್ರ್ಯಾಗನ್ ಹುಚ್ಚು. ಕಪ್ಪು ಆಡುವವನು ಒಂಟೆಯನ್ನು ಜಿ7 ಮನೆಯಲ್ಲಿ ಕೂರಿಸುತ್ತಾನೆ, ಅದು ಅಲ್ಲಿಂದಲೇ ಇಡೀ ಮಣೆಯನ್ನು ಓರೆಯಾಗಿ ದಿಟ್ಟಿಸುತ್ತದೆ. ಬಿಳಿಯವನು ಆ ಕಡೆ ಕ್ಯಾಸ್ಲಿಂಗ್ ಮಾಡಿ (ರಾಜನನ್ನು ಆನೆಯ ಮರೆಗೆ ಸರಿಸಿ) ಈ ಕಡೆಯಿಂದ ಎಚ್ ಸಾಲಿನ ಕಾಲಾಳು ನುಗ್ಗಿಸುತ್ತಾನೆ. ಆಮೇಲೆ ಯಾರು ಮೊದಲು ರಾಜನ ಹತ್ತಿರ ಹೋಗುತ್ತಾರೋ ಅವರದ್ದೇ ಆಟ. 1974ರಲ್ಲಿ ಡ್ರ್ಯಾಗನ್ ಆಡಿದ ಕೊರ್ಚ್ನಾಯ್ ಅವರನ್ನು ಕಾರ್ಪೊವ್ 27 ನಡೆಗಳಲ್ಲಿ ಮುಗಿಸಿದ್ದರು. ಅದು ಗೊತ್ತಿದ್ದೂ ನನ್ನ ತಲೆಯಲ್ಲಿ ಇದ್ದದ್ದು 1995ರ ವಿಶ್ವ ಚಾಂಪಿಯನ್‌ಶಿಪ್ ಮಾತ್ರ, ಅಲ್ಲಿ ಕ್ಯಾಸ್ಪರೋವ್ ಇದನ್ನೇ ಆಡಿ ಆನಂದ್ ಅವರನ್ನು ಸೋಲಿಸಿದ್ದರು. (ಆನಂದ್ ಸೋತ ಬೇಜಾರೂ ಇತ್ತು, ಅದು ಬೇರೆ ಮಾತು.)

ಅಂತರಕಾಲೇಜು ಪಂದ್ಯಾವಳಿ, ಕೊನೆಯ ಸುತ್ತು. ನಮ್ಮ ಮೇಷ್ಟ್ರಿಗೆ ಕಾಯಿ ನಡೆಸುವುದಷ್ಟೇ ಗೊತ್ತು, ಆದರೂ ಗೋಡೆಗೆ ಒರಗಿ ನಿಂತು ಪೂರ್ತಿ ನೋಡುತ್ತಿದ್ದರು. ಮೊದಲ 16 ನಡೆ ನನಗೆ ಬಾಯಿಪಾಠ, ಸರಸರ ಆಡಿಬಿಟ್ಟೆ. 17ನೆಯದರಲ್ಲಿ ನನ್ನ ಆನೆ ಎತ್ತಿ ಸಿ3ರಲ್ಲಿದ್ದ ಎದುರಾಳಿಯ ಕುದುರೆಯನ್ನು ಹೊಡೆದೆ. ಕುದುರೆಗಿಂತ ಬೆಲೆಬಾಳುವ ಆನೆ ಹೋಗುತ್ತದೆ, ಆದರೆ ಬದಲಿಗೆ ಒಂದು ಕುದುರೆ, ಆಗಲೇ ಹೊಡೆದಿಟ್ಟಿದ್ದ ಎರಡು ಕಾಲಾಳು, ಜೊತೆಗೆ ಅವನ ರಾಜನ ಮುಂದಿನ ಬೇಲಿ ಚಿಂದಿ. ಮೇಷ್ಟ್ರು ಹಣೆ ಹಿಡಿದುಕೊಂಡದ್ದು ಓರೆಗಣ್ಣಿಗೆ ಕಂಡಿತು. ನನಗೋ ಒಳಗೊಳಗೇ ಖುಷಿ. ನಡೆ ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿ, ಕುರ್ಚಿಗೆ ಒರಗಿ ಕೂತೆ.

ಎದುರಿನವನು ಗಲ್ಲಕ್ಕೆ ಕೈ ಕೊಟ್ಟು ಯೋಚಿಸುತ್ತಲೇ ಇದ್ದ. ಪಾಪ, ಸಿಕ್ಕಿಹಾಕಿಕೊಂಡ ಅಂದುಕೊಂಡೆ. ಎಷ್ಟೋ ಹೊತ್ತಾದ ಮೇಲೆ ಸುಮ್ನೆ ಗಡಿಯಾರ ನೋಡಿದರೆ, ಓಡುತ್ತಿದ್ದದ್ದು ನನ್ನದು! ಆನೆ ಕೊಟ್ಟ ಸಂಭ್ರಮದಲ್ಲಿ ಗುಂಡಿ ಒತ್ತಿರಲೇ ಇಲ್ಲ. ಅದನ್ನು ಹೇಳಬೇಕೆಂಬ ನಿಯಮ ಅವನಿಗೂ ಇಲ್ಲ, ತೀರ್ಪುಗಾರರಿಗೂ ಇಲ್ಲ. ಹನ್ನೊಂದು ನಿಮಿಷ ಹೋಗಿತ್ತು.

ಆಟವೇನೋ ನಾನು ಅಂದುಕೊಂಡ ಹಾಗೇ ನಡೆಯಿತು. ಅವನ ರಾಜನಿಗೆ ನಿಲ್ಲಲು ಜಾಗವಿಲ್ಲ, ಇನ್ನೆರಡು ನಡೆಗೆ ಮೇಟ್. ಕೈಯಲ್ಲಿ ಕುದುರೆ ಹಿಡಿದಿದ್ದೇನೆ, ಗಡಿಯಾರದ ಕೆಂಪು ಬಾವುಟ ಟಪ್ ಅಂತ ಬಿತ್ತು. ನನ್ನ ಸಮಯ ಮುಗಿದಿತ್ತು, ಆಟ ಸೋತಿದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು, "ಅಲ್ಲ ಕಣೋ, ಆ ಆನೆ ನೀನು ಬೇಕಂತಲೇ ಕೊಟ್ಟಿದ್ದಾ?"