ಪಗಾರ ಸಾವು, ಪಿಂಚಣಿ ಸ್ವಾತಂತ್ರ್ಯ

ಮೊನ್ನೆ, ಬ್ರಿಟಿಷರ ವಿರುದ್ಧ ದಂಗೆಗೆ ಕರೆ ಕೊಡುತ್ತಿದ್ದ ‘ಗದರ್’ ಪತ್ರಿಕೆಯ ಹಳೇ ಪುಟವೊಂದು ಮೊಬೈಲಿನಲ್ಲಿ ಸಿಕ್ಕಿತು. ಉರ್ದು. ನಿಜಾಮರ ಕಾಲದಲ್ಲಿ ಕಲಬುರಗಿಯ ಉರ್ದು ಶಾಲೆಗೆ ಹೋದ ಮುತ್ಯಾನ ಮುಂದೆ ಹಿಡಿದೆ. ಎಲೆಅಡಿಕೆ ಉಗುಳಿ ಬಂದು, ಕನ್ನಡಕ ಒರೆಸಿ ಓದಿದ: ‘ಅಂಗ್ರೇಜಿ ರಾಜ್ ಕಾ ದುಶ್ಮನ್.’ ಅಂದರೆ, ಇಂಗ್ಲಿಷರ ಆಳ್ವಿಕೆಯ ವೈರಿ. ತಲೆಬರಹದಲ್ಲೇ ಹೀಗೆ!

1913ರ ನವೆಂಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಪತ್ರಿಕೆ; ಇಲ್ಲಿಗೆ ಕದ್ದು ಬರುತ್ತಿತ್ತು. ಕೈಯಿಂದ ತಿರುಗಿಸುವ ಯಂತ್ರದಲ್ಲಿ ಅಚ್ಚು ಹಾಕುತ್ತಿದ್ದವ ಕರ್ತಾರ್ ಸಿಂಗ್ ಸರಾಭಾ. 1915ರಲ್ಲಿ ಲಾಹೋರಿನಲ್ಲಿ ಗಲ್ಲಿಗೇರಿದಾಗ ಅವನಿಗೆ 19 ವರ್ಷ.

ಅದರಲ್ಲಿ ಬಂದ ಜಾಹೀರಾತನ್ನೂ ಹೇಳಿದೆ: ದಂಗೆಗೆ ಧೀರರು ಬೇಕಾಗಿದ್ದಾರೆ. ಪಗಾರ ಸಾವು, ಇನಾಮು ಹುತಾತ್ಮತೆ, ಪಿಂಚಣಿ ಸ್ವಾತಂತ್ರ್ಯ.

ಪಿಂಚಣಿ ಅಂದಕೂಡಲೇ ಮುತ್ಯಾ ಕನ್ನಡಕ ತೆಗೆದ.

“ನಂದು ಈ ತಿಂಗಳದ್ದು ಬಂದಿಲ್ಲೋ ತಮ್ಮಾ, ಬ್ಯಾಂಕಿಗೆ ಹೋಗಿ ನೋಡ್ಕೊಂಡು ಬಾ.”